ಬಾಣದ ಅಲಗು: ಕೋಲಿಗೆ ಕೂಡಿಸುವ ಕ್ರಮದ ಚರಿತ್ರೆ

ಬೇಟೆಯ ಬಾಣದ ಚರಿತ್ರೆ ಬರೆಯುವವರು ಹೆಚ್ಚಾಗಿ ಅಲಗಿನ ಆಕಾರವನ್ನು ವರ್ಣಿಸಿ ನಿಲ್ಲಿಸುತ್ತಾರೆ. ಆದರೆ ಬಾಣ ಗುರಿ ಮುಟ್ಟುವುದು ಆಕಾರಕ್ಕಿಂತ ಮಿಗಿಲಾಗಿ ಅಲಗು ಕೋಲಿಗೆ ಕೂತ ರೀತಿಯಿಂದ. ಅಗಲವಾದ ಅಲಗು ತುಸು ಓರೆಯಾಗಿದ್ದರೂ ಗಾಳಿಗೆ ಸಿಕ್ಕಿ, ಗರಿಗಳು ತಿದ್ದುವ ಮೊದಲೇ ಬಾಣವನ್ನು ಪಕ್ಕಕ್ಕೆಳೆಯುತ್ತದೆ. ಇಲ್ಲಿ ನೋಡುವ ಕಡೂರು, ತರೀಕೆರೆ, ಅಜ್ಜಂಪುರ ಸೀಮೆಗೆ ಹತ್ತಿರದ ಹಳೆಯ ಸಾಕ್ಷ್ಯ, ಭದ್ರೆ ತುಂಗೆಯನ್ನು ಕೂಡಿ ಆಗುವ ತುಂಗಭದ್ರೆಯ ದಂಡೆಯ ಹಳ್ಳೂರಿನಲ್ಲಿದೆ. ಅದಕ್ಕೂ ಮೊದಲು, 1947ರಲ್ಲಿ ಬ್ರಹ್ಮಗಿರಿಯನ್ನು ಅಗೆದ ಮಾರ್ಟಿಮರ್ ವೀಲರ್ ಅಲ್ಲಿನ ಕಬ್ಬಿಣ ಬಳಸಿದ ಬೃಹತ್ ಶಿಲಾ ಸಂಸ್ಕೃತಿಯ ಆರಂಭವನ್ನು ಕ್ರಿ.ಪೂ. 200ರ ಸುಮಾರಿಗೆ ಇಟ್ಟಿದ್ದರು. ಮುಂದೆ ಎಂ.ಎಸ್. ನಾಗರಾಜರಾವ್ ಹಳ್ಳೂರಿನಲ್ಲಿ ನಡೆಸಿದ ಉತ್ಖನನದಲ್ಲಿ ಕಬ್ಬಿಣದ ಬಾಣದ ಮೊನೆಗಳು ಸಿಕ್ಕವು. ಅವು ದೊರೆತ ಪದರದ ಇಂಗಾಲ ಕಾಲಗಣನೆ ಕಬ್ಬಿಣವನ್ನು ಕ್ರಿ.ಪೂ. 1000ರ ಆಸುಪಾಸಿಗೆ ಒಯ್ದಿತು. ಕೋಲು ಮಣ್ಣಾಗಿರುವಾಗ ಜೋಡಣೆಯನ್ನು ತಿಳಿಯುವುದು ಹೇಗೆ ಎಂಬ ಆಕ್ಷೇಪ ಸಹಜವೇ. ಆದರೆ ಕಬ್ಬಿಣದ ಬುಡ ಉಳಿದಿರುತ್ತದೆ. ಬುಡದಲ್ಲಿ ಮೊಳೆಯಂಥ ಬಾಲವಿದ್ದರೆ ಅದು ಬಿದಿರಿನ ಟೊಳ್ಳಿಗೆ ಇಳಿದದ್ದು. ಅಂಥ ಕಡೆ ಕೋಲು ಸೀಳದಂತೆ ಹೊರಗೆ ಬಿಗಿಯಾಗಿ ಸುತ್ತು ಹಾಕಬೇಕು. ಬುಡ ಕೊಳವೆಯಾಗಿದ್ದರೆ ಚೂಪಾಗಿ ಕೆತ್ತಿದ ಕೋಲೇ ಅದರೊಳಗೆ ಹೋಗಿತ್ತು, ಕೊಳವೆಯ ಒಳ ಅಗಲವೇ ಕೋಲಿನ ದಪ್ಪ ಹೇಳುತ್ತದೆ.

ನಂತರದ ಶತಮಾನಗಳ ಬಗ್ಗೆ ಬರಹಗಳು ಹೇಳುವುದೂ ಮೊನೆಯ ಕೆಲಸವನ್ನೇ: ಕತ್ತರಿಸಲು, ಭೇದಿಸಲು, ಹೊಡೆಯಲು ಕಬ್ಬಿಣ, ಮೂಳೆ, ಮರದ ಮೊನೆಗಳು ಎಂದು ಅರ್ಥಶಾಸ್ತ್ರ ವಿಂಗಡಿಸುತ್ತದೆ. ತರೀಕೆರೆ ತಾಲ್ಲೂಕಿನ ಅಮೃತಾಪುರದಲ್ಲಿ, 1196ರ ಅಮೃತೇಶ್ವರ ದೇವಾಲಯದ ಮಂಟಪದ ಹೊರಗೋಡೆಯ ರಾಮಾಯಣ, ಮಹಾಭಾರತ ಫಲಕಗಳನ್ನು ಬಿಲ್ಲಿನ ಹಿಡಿತಕ್ಕೆ ಸಾಕ್ಷ್ಯವಾಗಿ ನೋಡಬಹುದು, ಜೋಡಣೆಗಲ್ಲ. ಅಷ್ಟು ಸಣ್ಣ ವಿವರಕ್ಕೆ ಶಿಲ್ಪಿಯ ಉಳಿಯನ್ನು ಸಾಕ್ಷಿ ಕರೆಯುವುದು ತಪ್ಪು. ಕಬ್ಬಿಣಕ್ಕಂತೂ ಇಲ್ಲಿ ಕೊರತೆಯಿರಲಿಲ್ಲ. ಬಾಬಾಬುಡನ್ ಗಿರಿಯ ಪೂರ್ವದ ಗುಡ್ಡಗಳಲ್ಲಿ, ಉಬ್ರಾಣಿಯ ಸುತ್ತ ಅದಿರು ಕರಗಿಸುತ್ತಿದ್ದುದನ್ನು ಲೂಯಿ ರೈಸ್ ಗೆಜೆಟಿಯರ್ ದಾಖಲಿಸಿದೆ. ಕೆಮ್ಮಣ್ಣುಗುಂಡಿಯ ಅದಿರು 20ನೇ ಶತಮಾನದಲ್ಲಿ ಭದ್ರಾವತಿಯ ಕಾರ್ಖಾನೆಗೆ ಹೋಯಿತು.

ಜೋಡಣೆಯಲ್ಲಿ ನಿಜವಾದ ತಿರುವು ಅಮೆರಿಕದ ಟೊಳ್ಳು ಅಲ್ಯೂಮಿನಿಯಂ ಕೋಲು, ಆಮೇಲಿನ ಕಾರ್ಬನ್ ಕೋಲಿನಿಂದ ಬಂತು. ಕೋಲಿನ ಬಾಯನ್ನು ಸಮಕ್ಕೆ ಉಜ್ಜಿ, ಒಳಗೆ ತಿರುಪು ಹಾದಿಯ ಲೋಹದ ಇನ್ಸರ್ಟ್ ಅಂಟಿಸಿ, ಅಲಗನ್ನು ಅದಕ್ಕೆ ತಿರುಪುತ್ತಾರೆ. ಕಾಯಿಸಿ ಹಚ್ಚುವ ಅಂಟಿನ ಹೆಚ್ಚು ಶಾಖ ಕಾರ್ಬನ್ನನ್ನು ಕೆಡಿಸುವುದರಿಂದ ಅದಕ್ಕೆ ಎಪಾಕ್ಸಿ ಅಂಟು ಒಳ್ಳೆಯದು. ಬಾಣವನ್ನು ಮೊನೆಯ ಮೇಲೆ ನಿಲ್ಲಿಸಿ ಬುಗುರಿಯಂತೆ ತಿರುಗಿಸಿದಾಗ ಅಲಗು ಕೋಲನ್ನು ಸೇರುವಲ್ಲಿ ನಡುಗಿದರೆ ಜೋಡಣೆ ಓರೆಯಾಗಿದೆ ಎಂದೇ ಅರ್ಥ. ಅಲಗಿನ ಅಂಚುಗಳು ಗರಿಗಳ ಸಾಲಿಗೇ ಬರಬೇಕೆಂದು ಹಲವರು ವಾದಿಸುತ್ತಾರೆ. ಆದರೆ ಹಾರುವ ಬಾಣ ತಾನೇ ತಿರುಗುತ್ತಿರುತ್ತದೆ. ಅಲಗಿನ ನಡುಗೆರೆ ಕೋಲಿನ ನಡುಗೆರೆಗೆ ಕೂಡದಿದ್ದರೆ ಆ ಸಾಲಿನಿಂದ ಪ್ರಯೋಜನವಿಲ್ಲ.

ಈ ಸೀಮೆಯಲ್ಲಿ ಬಾಣ ಹಿಡಿಯುವವರು ಒಂದನ್ನು ನೆನಪಿಡಬೇಕು: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಆಯುಧ ಪಟ್ಟಿಯಲ್ಲಿ ಬಿಲ್ಲುಬಾಣವೂ ಇದೆ. ಲಕ್ಕವಳ್ಳಿ ಭಾಗವನ್ನೊಳಗೊಂಡ ಭದ್ರಾ ಅಭಯಾರಣ್ಯಕ್ಕೆ ಅನುಮತಿಯಿಲ್ಲದೆ ಅದನ್ನು ಒಯ್ಯುವುದು ಅಪರಾಧ.