ಪಾರ್ಕ್‌ಗೆ ಹೋದಾಗ ಮಗು ಊಟ ಮಾಡೋದಿಲ್ಲ ಯಾಕೆ? ಹಠ, ದೃಷ್ಟಿ, ಐಸ್‌ಕ್ರೀಂ: ಯಾವುದು ನಿಜ, ಯಾವುದು ಸುಳ್ಳು?

ಬಿಡದಿ ಹತ್ತಿರದ ವಂಡರ್‌ಲಾ ಇರಲಿ, ಮೈಸೂರಿನ ಜಿಆರ್‌ಎಸ್ ಫ್ಯಾಂಟಸಿ ಪಾರ್ಕ್ ಇರಲಿ, ರಜೆ ದಿನ ಮಧ್ಯಾಹ್ನದ ಹೊತ್ತಿಗೆ ರೆಸ್ಟೋರೆಂಟ್‌ನಲ್ಲಿ ಇಂಥ ಒಂದು ಟೇಬಲ್ ಇದ್ದೇ ಇರುತ್ತದೆ. ಎದುರಿಗೆ ಬಿಸಿ ಬಿಸಿ ಊಟ, ಎರಡು ತುತ್ತು ತಿಂದು ಬಾಯಿ ಮುಚ್ಚಿಕೊಂಡ ಮಗು, "ಇಷ್ಟು ದುಡ್ಡು ಕೊಟ್ಟಿದೀವಿ, ತಿನ್ನು" ಎಂದು ಗದರುವ ಹಿರಿಯರು. ಮಗುವಿಗೆ ಮುದ್ದು ಜಾಸ್ತಿಯಾಗಿದೆ ಎಂದು ಒಬ್ಬರು, ಯಾರದೋ ದೃಷ್ಟಿ ತಾಗಿದೆ ಎಂದು ಇನ್ನೊಬ್ಬರು ಹೇಳುತ್ತಾರೆ. ವಿಜ್ಞಾನ ಹೇಳುವುದು ಬೇರೆ.

ಮಗು ತಿನ್ನದಿರುವುದು ಹಠವೇ?

ಬಹುತೇಕ ಸಲ ಅಲ್ಲ. ಸುಮಾರು 2ರಿಂದ 6 ವರ್ಷದ ಮಕ್ಕಳಲ್ಲಿ ಹೊಸ ಆಹಾರವನ್ನು ಕಂಡರೆ ಹಿಂಜರಿಕೆ ಇರುತ್ತದೆ. ಇದಕ್ಕೆ ಫುಡ್ ನಿಯೋಫೋಬಿಯಾ ಎನ್ನುತ್ತಾರೆ. ನಡೆದಾಡಲು ಕಲಿತ ಮಗು ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕಿಕೊಳ್ಳದಂತೆ ಈ ಸ್ವಭಾವ ಕಾಪಾಡಿರಬೇಕು ಎಂಬುದು ವಿಜ್ಞಾನಿಗಳ ವಿವರಣೆ. ಮನೆಯಲ್ಲಿ ಅನ್ನ-ಸಾರು ತಿನ್ನುವ ಮಗುವಿಗೆ ಹೋಟೆಲಿನ ಸಾರಿನ ಬಣ್ಣ, ವಾಸನೆ ಬೇರೆಯಾಗಿ ಕಂಡರೆ ಅದು ಹೊಸ ಆಹಾರವೇ. ಜೊತೆಗೆ ಬಿಸಿಲು, ಸುಸ್ತು, ಜೋರು ಸಂಗೀತ, ಅರ್ಧಕ್ಕೆ ಬಿಟ್ಟು ಬಂದ ಆಟ. ಇಷ್ಟೆಲ್ಲ ಸೇರಿದರೆ ಹಸಿವಿದ್ದರೂ ಊಟ ಸೇರುವುದಿಲ್ಲ.

ಬೆಳವಣಿಗೆಯ ವೇಗವೂ ಒಂದು ಕಾರಣ. ಹುಟ್ಟಿದ ಮೊದಲ ವರ್ಷದಲ್ಲಿ ಮಗುವಿನ ತೂಕ ಸುಮಾರು ಮೂರು ಪಟ್ಟು ಆಗುತ್ತದೆ. ಎರಡು ವರ್ಷದ ನಂತರ ವರ್ಷಕ್ಕೆ ಸುಮಾರು 2 ಕೆ.ಜಿ. ಮಾತ್ರ ಹೆಚ್ಚುತ್ತದೆ. ಹಾಗಾಗಿ ಹಸಿವು ಕಡಿಮೆಯಾಗುವುದು ಸಹಜ. ಇದಕ್ಕೂ ದೃಷ್ಟಿಗೂ ಸಂಬಂಧವಿಲ್ಲ.

ಒತ್ತಾಯ ಮಾಡಿದರೆ ನಾಲ್ಕು ತುತ್ತು ಹೆಚ್ಚು ತಿನ್ನುತ್ತದೆಯೇ?

ಇಲ್ಲ. 2006ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಶಾಲೆಗೆ ಸೇರುವ ಮುಂಚಿನ ವಯಸ್ಸಿನ ಮಕ್ಕಳಿಗೆ ಸೂಪ್ ಕೊಟ್ಟು ನೋಡಲಾಯಿತು. "ಸೂಪ್ ಮುಗಿಸು" ಎಂದು ಒತ್ತಾಯಿಸಿದಾಗ ಮಕ್ಕಳು ಕಡಿಮೆ ತಿಂದರು, ಆ ಸೂಪ್ ಬಗ್ಗೆ ಬೇಸರದ ಮಾತುಗಳನ್ನೂ ಹೆಚ್ಚು ಆಡಿದರು. ಒತ್ತಾಯವಿಲ್ಲದಾಗ ಹೆಚ್ಚು ತಿಂದರು.

"ಊಟ ಮುಗಿಸಿದರೆ ಐಸ್‌ಕ್ರೀಂ" ಎಂಬ ಆಸೆಯೂ ಇದೇ ರೀತಿ ಕೆಲಸ ಕೆಡಿಸುತ್ತದೆ. ಊಟ ಎಂದರೆ ಶಿಕ್ಷೆ, ಐಸ್‌ಕ್ರೀಂ ಎಂದರೆ ಬಹುಮಾನ ಎಂದು ಮಗು ಕಲಿಯುತ್ತದೆ. ಐಸ್‌ಕ್ರೀಂ ಕೊಡಿಸುವುದಿದ್ದರೆ ಷರತ್ತಿಲ್ಲದೆ ಕೊಡಿಸಿ.

ಸಿಹಿ ತಿಂದರೆ ಮಕ್ಕಳು ಕುಣಿದಾಡುತ್ತಾರಾ?

ಇದು ಸುಳ್ಳು. ಈ ಬಗ್ಗೆ ನಡೆದ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ ವಿಶ್ಲೇಷಣೆ 1995ರಲ್ಲಿ ವೈದ್ಯಕೀಯ ಪತ್ರಿಕೆ ಜಾಮಾದಲ್ಲಿ ಬಂತು. ಸಕ್ಕರೆಯಿಂದ ಮಕ್ಕಳ ವರ್ತನೆ ಬದಲಾಗುವುದಿಲ್ಲ ಎಂಬುದೇ ಅದರ ತೀರ್ಮಾನ. ಪಾರ್ಕ್‌ನಲ್ಲಿ ಮಗು ಕುಣಿಯುವುದು ಅಲ್ಲಿನ ಖುಷಿಗೆ. ಆದರೆ ಹಲ್ಲು ಹುಳುಕಾಗುವುದು, ಊಟದ ಹಸಿವು ಸಾಯುವುದು ನಿಜ. ಆದ್ದರಿಂದ ಊಟಕ್ಕೆ ಸ್ವಲ್ಪ ಮುಂಚೆ ಜ್ಯೂಸ್, ಚಾಕೊಲೇಟ್ ಬೇಡ.

ಹಸಿವಿನ ಟಾನಿಕ್ ಕುಡಿಸಿ ಕರೆದುಕೊಂಡು ಹೋಗಬಹುದೇ?

ವೈದ್ಯರು ಹೇಳದೆ ಬೇಡ. ಹಸಿವು ಹೆಚ್ಚಿಸಲು ಮಾರುವ ಕೆಲವು ಸಿರಪ್‌ಗಳಲ್ಲಿ ಸೈಪ್ರೊಹೆಪ್ಟಡೀನ್ ಎಂಬ ಅಲರ್ಜಿ ಔಷಧಿ ಇರುತ್ತದೆ. ಅದರಿಂದ ಮಕ್ಕಳಿಗೆ ಮಂಪರು ಬರಬಹುದು.

ಹಾಗಾದರೆ ಏನು ಮಾಡಬೇಕು?

ಮಕ್ಕಳ ಆಹಾರ ತಜ್ಞೆ ಎಲಿನ್ ಸ್ಯಾಟರ್ ಹೇಳಿಕೊಟ್ಟ ಒಂದು ಸರಳ ಸೂತ್ರವಿದೆ. ಏನು, ಯಾವಾಗ, ಎಲ್ಲಿ ತಿನ್ನಬೇಕು ಎಂದು ದೊಡ್ಡವರು ನಿರ್ಧರಿಸಲಿ. ತಿನ್ನಬೇಕೋ ಬೇಡವೋ, ಎಷ್ಟು ತಿನ್ನಬೇಕು ಎಂಬುದು ಮಗುವಿಗೆ ಬಿಟ್ಟದ್ದು. ಪಾರ್ಕ್‌ನಲ್ಲಿ ಇದನ್ನು ಹೀಗೆ ಪಾಲಿಸಬಹುದು:

• ಬೆಳಿಗ್ಗೆ ಮನೆಯಲ್ಲೇ ಹೊಟ್ಟೆ ತುಂಬ ತಿಂಡಿ ತಿನ್ನಿಸಿ ಹೊರಡಿ.
• ಗದ್ದಲ ಶುರುವಾಗುವ ಮೊದಲು, 12 ಗಂಟೆ ಸುಮಾರಿಗೇ ಊಟಕ್ಕೆ ಕೂರಿ. ತೀರಾ ಹಸಿದು ಸುಸ್ತಾದ ಮಗು ಅಳುತ್ತದೆಯೇ ಹೊರತು ತಿನ್ನುವುದಿಲ್ಲ.
• ಮಗುವಿಗೆ ಗೊತ್ತಿರುವ ಒಂದು ಪದಾರ್ಥ ಇರಲೇಬೇಕು: ಇಡ್ಲಿ, ಖಾಲಿ ದೋಸೆ, ಮೊಸರನ್ನ, ಚಪಾತಿ. ಖಾರ ಹಾಕಬೇಡಿ ಎಂದು ಆರ್ಡರ್ ಕೊಡುವಾಗಲೇ ಹೇಳಿ.
• ಹೊಸದನ್ನು ನಿಮ್ಮ ತಟ್ಟೆಯಿಂದ ಒಂದು ಚಮಚ ಪಕ್ಕಕ್ಕೆ ಇಡಿ. ಮುಟ್ಟಿ ನೋಡಿದರೂ ಸಾಕು. ಒಂದು ರುಚಿ ಹಿಡಿಸಲು 8ರಿಂದ 15 ಸಲ ಬೇಕಾಗಬಹುದು.
• ಹೊರಗಿನ ತಿಂಡಿ ಬಿಡದ ಪಾರ್ಕ್‌ಗಳಿವೆ. ಟಿಕೆಟ್ ತೆಗೆಯುವಾಗಲೇ ಮಗುವಿನ ಊಟದ ಬಗ್ಗೆ ವಿಚಾರಿಸಿ. ಅಲರ್ಜಿ, ಸಕ್ಕರೆ ಕಾಯಿಲೆ ಇದ್ದರೆ ವೈದ್ಯರ ಚೀಟಿ ಜೊತೆಗಿರಲಿ.

ಒಂದು ದಿನ ಕಡಿಮೆ ತಿಂದರೆ ಆರೋಗ್ಯವಂತ ಮಗುವಿಗೆ ಏನೂ ಆಗುವುದಿಲ್ಲ. ಮರುದಿನ ಅದೇ ಸರಿದೂಗಿಸಿಕೊಳ್ಳುತ್ತದೆ.

ನಿಜವಾಗಿ ಎಚ್ಚರ ಬೇಕಾದ್ದು ಇಲ್ಲಿ

ನೀರು: ಊಟ ತಪ್ಪಿದರೂ ನೀರು ತಪ್ಪಬಾರದು. ಆಟದಲ್ಲಿ ಮಕ್ಕಳು ಬಾಯಾರಿಕೆ ಮರೆಯುತ್ತಾರೆ. ಕೇಳುವವರೆಗೆ ಕಾಯದೆ ಆಗಾಗ ಕುಡಿಸಿ. ತುಂಬ ಹೊತ್ತು ಮೂತ್ರ ಮಾಡದಿದ್ದರೆ, ಮೂತ್ರ ಗಾಢ ಹಳದಿಯಾಗಿದ್ದರೆ ನೀರು ಸಾಲುತ್ತಿಲ್ಲ ಎಂದರ್ಥ.

ಪಾಪ್‌ಕಾರ್ನ್: "ಊಟ ಮಾಡಿಲ್ಲ, ಇದನ್ನಾದರೂ ತಿನ್ನಲಿ" ಎಂದು 4 ವರ್ಷದೊಳಗಿನ ಮಕ್ಕಳ ಕೈಗೆ ಪಾಪ್‌ಕಾರ್ನ್, ಇಡೀ ಕಡಲೆಕಾಯಿ ಬೀಜ, ಇಡೀ ದ್ರಾಕ್ಷಿ ಕೊಡಬೇಡಿ. ಉಸಿರಾಟದ ದಾರಿಗೆ ಸಿಕ್ಕಿಕೊಳ್ಳುವ ಅಪಾಯವಿದೆ. ಓಡುತ್ತಾ, ರೈಡ್‌ನಲ್ಲಿ ಕೂತು ತಿನ್ನುವುದೂ ಬೇಡ.

ಗಂಟಲಿಗೆ ಸಿಕ್ಕಿ ಮಗುವಿಗೆ ಕೆಮ್ಮಲೂ ಅಳಲೂ ಆಗದಿದ್ದರೆ ಬಾಯೊಳಗೆ ಬೆರಳು ಹಾಕಿ ತಡಕಬೇಡಿ, ವಸ್ತು ಇನ್ನೂ ಒಳಗೆ ಹೋಗಬಹುದು. ಮಗುವನ್ನು ಮುಂದಕ್ಕೆ ಬಗ್ಗಿಸಿ, ಎರಡು ಭುಜಗಳ ನಡುವೆ ಬೆನ್ನಿಗೆ ಅಂಗೈಯಿಂದ 5 ಸಲ ಗಟ್ಟಿಯಾಗಿ ಹೊಡೆಯಿರಿ. ಆಗಲೂ ಹೊರಬರದಿದ್ದರೆ, ವರ್ಷ ತುಂಬಿದ ಮಕ್ಕಳಿಗೆ ಮಾತ್ರ, ಹಿಂದಿನಿಂದ ತಬ್ಬಿ ಹೊಕ್ಕುಳಿನ ಸ್ವಲ್ಪ ಮೇಲೆ 5 ಸಲ ಒಳಕ್ಕೆ-ಮೇಲಕ್ಕೆ ಒತ್ತಿ. ಹೊರಬರುವವರೆಗೆ ಎರಡನ್ನೂ ಒಂದಾದ ಮೇಲೊಂದು ಮಾಡುತ್ತಿರಿ. ಅಷ್ಟರಲ್ಲಿ ಜೊತೆಯಲ್ಲಿದ್ದವರು ಪಾರ್ಕ್ ಸಿಬ್ಬಂದಿಯನ್ನು ಕೂಗಲಿ, 108ಕ್ಕೆ ಕರೆ ಮಾಡಲಿ.

ವೈದ್ಯರನ್ನು ಯಾವಾಗ ಕಾಣಬೇಕು?

ಪಾರ್ಕ್‌ನಲ್ಲಷ್ಟೇ ಅಲ್ಲದೆ ಮನೆಯಲ್ಲೂ ಕೆಲವೇ ಪದಾರ್ಥ ಮಾತ್ರ ತಿನ್ನುತ್ತಿದ್ದರೆ, ತೂಕ ಇಳಿದರೆ ಅಥವಾ ಏರದಿದ್ದರೆ, ಮುಖ ಬಿಳಿಚಿಕೊಂಡು ಸದಾ ಸುಸ್ತಿದ್ದರೆ, ನುಂಗುವಾಗ ಪದೇ ಪದೇ ಕೆಮ್ಮು ಅಥವಾ ವಾಂತಿ ಬಂದರೆ ಮಕ್ಕಳ ವೈದ್ಯರಿಗೆ ತೋರಿಸಿ. ಇವು ಬರಿಯ ಹಠದ ಲಕ್ಷಣಗಳಲ್ಲ.

ಒಟ್ಟಿನಲ್ಲಿ: ಪಾರ್ಕ್‌ನಲ್ಲಿ ಮಗು ಎರಡು ತುತ್ತು ತಿಂದು ಎದ್ದರೆ ಗದರಬೇಡಿ, ನೀರು ಕುಡಿಸಿ ಆಟಕ್ಕೆ ಬಿಡಿ. ಪಾಪ್‌ಕಾರ್ನ್ ಬಗ್ಗೆ ಹೇಳಿದ್ದನ್ನು ಮಾತ್ರ ಚಿಕ್ಕ ಮಕ್ಕಳಿರುವ ಎಲ್ಲರಿಗೂ ತಪ್ಪದೆ ಕಳುಹಿಸಿ.