ವಿಹಾರಗಳನ್ನೂ ಗುಡಿಗಳನ್ನೂ ಎಣಿಸಿದ ಯಾತ್ರಿಕ



ಬೆನ್ನ ಮೇಲೆ ಗ್ರಂಥಗಳ ಹೊರೆ ಹೊತ್ತು ನಡೆಯುವ ಚೀನೀ ಭಿಕ್ಷುವೊಬ್ಬನ ಚಿತ್ರವನ್ನು ನೀವು ಶಾಲೆಯ ಪುಸ್ತಕದಲ್ಲಿ ನೋಡಿರಬಹುದು. ಆತನೇ ಹ್ಯೂಯೆನ್ ತ್ಸಾಂಗ್. ಪರೀಕ್ಷೆಗಾಗಿ ಒಂದು ಸಾಲು ಓದಿ ನಾವು ಮರೆತುಬಿಟ್ಟ ಹೆಸರು. ಆದರೆ ನೀವು ಮುಂಬಯಿಯಲ್ಲಿರಿ, ಚೆನ್ನೈಯಲ್ಲಿರಿ, ನಿಮ್ಮ ಮನೆಯಿಂದ ಬಹಳ ದೂರವಿಲ್ಲದ ಊರುಗಳ ಬಗ್ಗೆ ಈತ ಬರೆದಿಟ್ಟದ್ದನ್ನು ಇವತ್ತು ಸ್ವಲ್ಪ ನೋಡೋಣ.

ಬುದ್ಧ ನಡೆದಾಡಿದ ನೆಲವನ್ನು ಕಾಣಬೇಕು, ಧರ್ಮಗ್ರಂಥಗಳನ್ನು ಮೂಲದಲ್ಲೇ ಓದಬೇಕು ಎಂಬ ಹಂಬಲದಿಂದ ಆತ ಸುಮಾರು 629ರಲ್ಲಿ ಚೀನಾ ಬಿಟ್ಟು ಹೊರಟ. ಚಕ್ರವರ್ತಿಯ ಅಪ್ಪಣೆ ಇರಲಿಲ್ಲ. ಮರುಭೂಮಿ, ಹಿಮಪರ್ವತಗಳನ್ನು ದಾಟಿ ಬಂದು, ನಳಂದದಲ್ಲಿ ವೃದ್ಧ ಗುರು ಶೀಲಭದ್ರನ ಬಳಿ ಕಲಿತ. 645ರಲ್ಲಿ 657 ಗ್ರಂಥಗಳೊಂದಿಗೆ ತನ್ನ ದೇಶಕ್ಕೆ ಮರಳಿದ. ಮರುವರ್ಷವೇ ಆತನ ಪ್ರವಾಸ ಗ್ರಂಥ ಸಿದ್ಧವಾಯಿತು.

ಈ ಗ್ರಂಥದಲ್ಲಿ ಗಮನಿಸಬೇಕಾದ ಒಂದು ರೂಢಿಯಿದೆ. ಯಾವ ರಾಜ್ಯದ ವಿಷಯ ಬಂದರೂ ಆತ ಮೊದಲು ವಿಹಾರಗಳೆಷ್ಟು, ಭಿಕ್ಷುಗಳೆಷ್ಟು ಎಂದು ಬರೆಯುತ್ತಾನೆ. ಅದರ ಬೆನ್ನಿಗೇ ದೇವರ ಗುಡಿಗಳೆಷ್ಟು ಎಂದೂ ಬರೆಯುತ್ತಾನೆ. ಕಾಂಚಿಯಲ್ಲಿ 100ಕ್ಕೂ ಹೆಚ್ಚು ವಿಹಾರ, 10,000 ಭಿಕ್ಷುಗಳು, ಸುಮಾರು 80 ಗುಡಿಗಳು, ಜೊತೆಗೆ ಜೈನರೂ ಬಹಳ ಮಂದಿ. ಇಂದು ಕಾಮಾಕ್ಷಿಯ ದರ್ಶನಕ್ಕೋ ರೇಷ್ಮೆ ಸೀರೆಗೋ ಕಾಂಚಿಗೆ ಹೋಗುವ ನಮಗೆ ಆ ವಿಹಾರಗಳ ಸುಳಿವು ಸಿಗುವುದೇ ಕಷ್ಟ.

ಅಲ್ಲಿಂದ ಬೇರೆ ಬೇರೆ ರಾಜ್ಯಗಳನ್ನು ಹಾದು, ಸುಮಾರು 641ರ ಹೊತ್ತಿಗೆ, ಆತ ತಾನು ಮಹಾರಾಷ್ಟ್ರ ಎಂದು ಕರೆದ ರಾಜ್ಯಕ್ಕೆ ಬಂದ. ಅದರ ರಾಜ ಯಾರು ಗೊತ್ತೇ? ಬಾದಾಮಿಯ ನಮ್ಮ ಇಮ್ಮಡಿ ಪುಲಕೇಶಿ! ಇಲ್ಲಿಯ ಜನ ಉಪಕಾರವನ್ನು ಮರೆಯುವುದಿಲ್ಲ, ಅವಮಾನವನ್ನೂ ಮರೆಯುವುದಿಲ್ಲ ಎಂದು ಆತ ಬರೆದಿದ್ದಾನೆ. ಹರ್ಷನಿಗೂ ಈ ನಾಡನ್ನು ಗೆಲ್ಲಲಾಗಲಿಲ್ಲ ಎಂಬ ಮಾತೂ ಅಲ್ಲಿದೆ. ಆತ ಹರ್ಷನ ಆದರಕ್ಕೆ ಪಾತ್ರನಾದವನು ಎಂಬುದನ್ನು ನೆನೆದರೆ ಈ ಮಾತಿನ ತೂಕ ತಿಳಿಯುತ್ತದೆ. ಇಲ್ಲಿಯೂ ಸುಮಾರು 100 ವಿಹಾರ, ಸುಮಾರು 100 ಗುಡಿ ಎಂಬುದು ಆತನ ಎಣಿಕೆ.

ಇದಕ್ಕೆ ಕಲ್ಲಿನ ಸಾಕ್ಷಿ ಬೇಕಿದ್ದರೆ ಐಹೊಳೆಗೆ ಹೋಗಿ. ಪುಲಕೇಶಿಯ ವಿಜಯಗಳನ್ನು ಹೇಳುವ 634ರ ಶಾಸನ ಮೇಗುತಿ ಗುಡ್ಡದ ಜೈನ ಬಸದಿಯ ಗೋಡೆಯಲ್ಲಿದೆ. ಅದೇ ಗುಡ್ಡದಲ್ಲಿ, ಸ್ವಲ್ಪ ಕೆಳಗೆ, ಎರಡು ಅಂತಸ್ತಿನ ಬೌದ್ಧ ಚೈತ್ಯ. ಅದೇ ಊರಿನ ರಾವಣಫಡಿ ಗುಹೆಯಲ್ಲಿ ಶಿವ.

ಹಾಗೆಂದು ಅದೊಂದು ಜಗಳವೇ ಇಲ್ಲದ ಕಾಲ ಎಂದುಕೊಳ್ಳಬೇಡಿ. ಪ್ರಯಾಗದ ದಾನೋತ್ಸವದಲ್ಲಿ ಹರ್ಷ ಮೊದಲ ದಿನ ಬುದ್ಧನನ್ನೂ ಎರಡನೆಯ ದಿನ ಸೂರ್ಯನನ್ನೂ ಮೂರನೆಯ ದಿನ ಶಿವನನ್ನೂ ಪೂಜಿಸಿದ್ದು ನಿಜ. ಆದರೆ ಅದಕ್ಕೆ ಮುಂಚೆ ಕನೌಜಿನ ಧರ್ಮಸಭೆಯಲ್ಲಿ ಗೋಪುರಕ್ಕೆ ಬೆಂಕಿ ಬಿತ್ತು, ಹರ್ಷನನ್ನು ಕೊಲ್ಲುವ ಯತ್ನವೂ ನಡೆಯಿತು ಎಂದು ಇದೇ ಯಾತ್ರಿಕ ಹೇಳುತ್ತಾನೆ. ಗೌಡ ದೇಶದ ಶಶಾಂಕ ಬೋಧಿವೃಕ್ಷವನ್ನು ಕಡಿಸಿದನೆಂದೂ ಬರೆದಿದ್ದಾನೆ. ಶಶಾಂಕ ಹರ್ಷನ ವೈರಿ. ಹಾಗಾಗಿ ಇಂಥ ಮಾತುಗಳನ್ನು ಇತಿಹಾಸಕಾರರು ಒರೆಗೆ ಹಚ್ಚಿಯೇ ಸ್ವೀಕರಿಸುತ್ತಾರೆ. ಆತನೂ ಒಂದು ಧರ್ಮವನ್ನು ನಂಬಿದ ಮನುಷ್ಯನೇ. ಆದರೂ ತನ್ನದಲ್ಲದ ಗುಡಿಗಳನ್ನು ಲೆಕ್ಕದಿಂದ ಬಿಡಲಿಲ್ಲ.

ಆ ಲೆಕ್ಕದ ಬೆಲೆ ಗೊತ್ತಾದದ್ದು 1,200 ವರ್ಷಗಳ ನಂತರ. 1861ರಿಂದ ಅಲೆಕ್ಸಾಂಡರ್ ಕನಿಂಗ್‌ಹ್ಯಾಮ್ ಈ ಗ್ರಂಥದ ಅನುವಾದವನ್ನು ಕೈಯಲ್ಲಿಟ್ಟುಕೊಂಡು, ದಿಕ್ಕು ದೂರಗಳನ್ನು ತಾಳೆ ನೋಡುತ್ತಾ ಉತ್ತರ ಭಾರತದ ದಿಬ್ಬಗಳನ್ನು ಹುಡುಕಿದರು. ಬಿಹಾರದ ಬಡಗಾಂವ್ ಹಳ್ಳಿಯ ಇಟ್ಟಿಗೆ ದಿಬ್ಬಗಳೇ ನಳಂದ ಎಂಬುದು ಖಚಿತವಾದದ್ದು ಹೀಗೆ. ನಾವೇ ಮರೆತಿದ್ದ ವಿಳಾಸವನ್ನು ಹೊರಗಿನಿಂದ ಬಂದವನ ಬರಹ ತೋರಿಸಿಕೊಟ್ಟಿತು.

ಮುಂಬಯಿ, ಪುಣೆಯ ಮಿತ್ರರು ಅಜಂತಾಕ್ಕೆ ಹೋದಾಗ 16ನೆಯ ಗುಹೆಯ ಮೆಟ್ಟಿಲ ಬುಡದಲ್ಲಿರುವ ಎರಡು ಕಲ್ಲಾನೆಗಳನ್ನು ನೋಡಲು ಮರೆಯಬೇಡಿ. ಮಹಾರಾಷ್ಟ್ರದ ಬೆಟ್ಟದ ವಿಹಾರವೊಂದರ ಬಾಗಿಲಾಚೆ ಎಡಬಲಕ್ಕೆ ಕಲ್ಲಾನೆಗಳಿವೆ ಎಂದು ಹ್ಯೂಯೆನ್ ತ್ಸಾಂಗ್ ಬರೆದದ್ದು ಅಜಂತಾದ ಬಗ್ಗೆಯೇ ಎಂಬುದು ಅನೇಕ ವಿದ್ವಾಂಸರ ಅಭಿಪ್ರಾಯ. ನಿಮ್ಮ ಊರಿನ ಹತ್ತಿರ ವಿಹಾರ, ಬಸದಿ, ಗುಡಿಗಳು ಅಕ್ಕಪಕ್ಕದಲ್ಲಿ ನಿಂತ ಜಾಗವಿದ್ದರೆ ನಮಗೂ ಬರೆದು ತಿಳಿಸಿ.