ವಿದೇಶಕ್ಕೆ ಹೊರಟ ಕುಟುಂಬದ ಖರ್ಚಿನ ಲೆಕ್ಕ

ಇಂದ್ರಕೀಲ ಪರ್ವತವೆಂದರೆ ಕನ್ನಡಿಗರಿಗೆ ನೆನಪಾಗುವುದು ಅರ್ಜುನನ ತಪಸ್ಸು, ಕಿರಾತನೊಡನೆ ಅವನ ಕಾಳಗ. ಆಂಧ್ರದವರು ಆ ಬೆಟ್ಟವನ್ನು ವಿಜಯವಾಡದಲ್ಲಿ, ಕೃಷ್ಣೆಯ ದಡದಲ್ಲಿ, ಪ್ರಕಾಶಂ ಬ್ಯಾರೇಜಿನ ಹತ್ತಿರವೇ ತೋರಿಸುತ್ತಾರೆ. ಮೇಲೆ ಕನಕದುರ್ಗಮ್ಮನ ಗುಡಿ. ವೀಸಾ ಕೈಸೇರಿದ ಮನೆಯವರು ಅಮ್ಮನವರ ದರ್ಶನ ಮಾಡಿ, ಕುಂಕುಮದ ಪೊಟ್ಟಣ ಜೇಬಿಗಿಟ್ಟುಕೊಂಡು ಹೈದರಾಬಾದಿನ ವಿಮಾನ ಹಿಡಿಯಲು ಹೊರಡುವುದು ಈ ಭಾಗಕ್ಕೆ ಹೊಸತಲ್ಲ. 2010ರಿಂದ 2017ರ ನಡುವೆ ಅಮೆರಿಕದಲ್ಲಿ ತೆಲುಗು ಮಾತಾಡುವವರ ಸಂಖ್ಯೆ ಶೇ 86ರಷ್ಟು ಏರಿತೆಂದು ಅಲ್ಲಿನ ಜನಗಣತಿ ಅಂಕಿಗಳನ್ನು ಆಧರಿಸಿದ ವಿಶ್ಲೇಷಣೆ ಹೇಳಿತ್ತು. ಗೋದಾವರಿ ಜಿಲ್ಲೆಗಳಿಂದ, ಕಡಪದಿಂದ ಕುವೈತಿಗೆ ಮನೆಗೆಲಸಕ್ಕೆ ಹೋಗುವ ಹೆಂಗಸರ ದಾರಿ ಬೇರೆಯದೇ. ನಮ್ಮಲ್ಲಿ ಮಂಗಳೂರು, ಉಡುಪಿ, ಭಟ್ಕಳಕ್ಕೆ ಕೊಲ್ಲಿಯ ನಂಟು. ಬೆಂಗಳೂರಿಗೆ ಅಮೆರಿಕದ ನಂಟು.

ಅಕ್ಕಿ, ಹಾಲು, ಬಸ್ ಚಾರ್ಜು ಎಷ್ಟೆಂದು ಎಲ್ಲರೂ ವಿಚಾರಿಸಿಕೊಂಡೇ ಹೋಗುತ್ತಾರೆ. ಹೆಂಡತಿ ಮಕ್ಕಳೊಂದಿಗೆ ಹೋದವರಿಗೆ ಕೈ ಕಚ್ಚುವುದು ಅದಲ್ಲ. ಇಳಿದ ಮೊದಲ ವಾರಗಳಲ್ಲಿ ಒಟ್ಟಿಗೆ ಕಟ್ಟಬೇಕಾದ ದುಡ್ಡು ಒಂದು. ಬಂದೇ ಬರುತ್ತದೆಂದು ನಂಬಿಕೊಂಡ ಎರಡನೇ ಸಂಬಳ ಇನ್ನೊಂದು.

ಸರ್ಕಾರಗಳು ಕೇಳುವ ಕನಿಷ್ಠ ಮೊತ್ತ

ಕೆನಡಾದ ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ, ಅಲ್ಲಿ ಇನ್ನೂ ಕೆಲಸ ಸಿಗದೆ ಹೋಗುವವರು ಖಾತೆಯಲ್ಲಿ ಹಣವಿದೆಯೆಂದು ತೋರಿಸಬೇಕು. 2025ರ ಜುಲೈನಲ್ಲಿ ಪರಿಷ್ಕರಿಸಿದ ಪಟ್ಟಿಯ ಪ್ರಕಾರ ನಾಲ್ಕು ಜನರ ಕುಟುಂಬಕ್ಕೆ 28,362 ಕೆನಡಾ ಡಾಲರ್. ಡಾಲರಿಗೆ 64 ರೂಪಾಯಿ ಹಿಡಿದರೆ 18 ಲಕ್ಷ ದಾಟುತ್ತದೆ. ಸಾಲ ಎತ್ತಿ ತೋರಿಸಿದ ಹಣ ನಡೆಯುವುದಿಲ್ಲ.

ಈ ಅಂಕಿಯನ್ನೇ ಬಜೆಟ್ ಎಂದುಕೊಳ್ಳುವುದು ಅಪಾಯ. ಆ ದೇಶದ ಕಡಿಮೆ ಆದಾಯದ ಗೆರೆ ಏನಿದೆಯೋ ಅದರ ಅರ್ಧಕ್ಕೆ ಇದನ್ನು ನಿಗದಿ ಮಾಡಿದ್ದಾರೆ. ಎಂದರೆ ಬಡತನದ ಅಂಚಿನಲ್ಲಿ ಆರು ತಿಂಗಳು ಬದುಕುವಷ್ಟು ಮಾತ್ರ. ಆಸ್ಟ್ರೇಲಿಯಾ ವಿದ್ಯಾರ್ಥಿ ವೀಸಾಕ್ಕೆ 2024ರ ಮೇ ತಿಂಗಳಿಂದ ಒಬ್ಬರಿಗೆ ವರ್ಷಕ್ಕೆ 29,710 ಆಸ್ಟ್ರೇಲಿಯಾ ಡಾಲರ್ ಕೇಳುತ್ತದೆ. ಜೊತೆಗೆ ಬರುವ ಗಂಡ ಅಥವಾ ಹೆಂಡತಿಗೆ 10,394, ಪ್ರತಿ ಮಗುವಿಗೆ 4,449. ಮಗುವಿನ ಶಾಲೆಯ ಖರ್ಚು ಇದರಲ್ಲಿ ಸೇರಿಲ್ಲ, ಅದನ್ನು ಬೇರೆ ತೋರಿಸಬೇಕು.

ಮೊದಲ ವಾರದ ಖರ್ಚು: ದುಬೈನ ಒಂದು ಬಾಡಿಗೆ ಮನೆ

ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ರೂಢಿಯಾದವರಿಗೆ ದುಬೈನ ಪದ್ಧತಿ ವಿಚಿತ್ರವೆನಿಸುತ್ತದೆ. ಅಲ್ಲಿ ಬಾಡಿಗೆಯನ್ನು ವರ್ಷದ ಲೆಕ್ಕದಲ್ಲಿ ಹೇಳುತ್ತಾರೆ, ಒಂದರಿಂದ ಹನ್ನೆರಡರವರೆಗೆ ಮುಂದಿನ ದಿನಾಂಕದ ಚೆಕ್ಕುಗಳಲ್ಲಿ ತೆಗೆದುಕೊಳ್ಳುತ್ತಾರೆ. ಚೆಕ್ಕು ಕಡಿಮೆಯಾದಷ್ಟೂ ಬಾಡಿಗೆ ಇಳಿಸಲು ಚೌಕಾಸಿ ಮಾಡಬಹುದು. ಹೊಸದಾಗಿ ಬಂದವರ ಕೈಯಲ್ಲಿ ಅಷ್ಟು ದುಡ್ಡು ಎಲ್ಲಿರುತ್ತದೆ ಎಂಬುದು ಬೇರೆ ಪ್ರಶ್ನೆ.

ವರ್ಷಕ್ಕೆ 80,000 ದಿರ್ಹಮ್‌ನ ಫ್ಲಾಟು, ನಾಲ್ಕು ಚೆಕ್ಕು ಎಂದಿಟ್ಟುಕೊಳ್ಳೋಣ. ಮೊದಲ ಚೆಕ್ಕು 20,000. ಖಾಲಿ ಮನೆಗೆ ಶೇ 5 ಭದ್ರತಾ ಠೇವಣಿ, 4,000. ಏಜೆಂಟನ ಕಮಿಷನ್ ಸಾಮಾನ್ಯವಾಗಿ ಶೇ 5, ಅದರ ಮೇಲೆ ವ್ಯಾಟ್ ಸೇರಿ 4,200. ಕರಾರು ನೋಂದಣಿಗೆ, ಅಂದರೆ ಇಜಾರಿಗೆ, ಸುಮಾರು 220. ನೀರು, ಕರೆಂಟಿನ ದೇವಾ ಸಂಸ್ಥೆಗೆ ಫ್ಲಾಟಿನ ಠೇವಣಿ 2,000. ಒಟ್ಟು 30,420 ದಿರ್ಹಮ್. ದಿರ್ಹಮ್‌ಗೆ 24 ರೂಪಾಯಿಯಂತೆ 7.3 ಲಕ್ಷ. ಇದರಲ್ಲಿ ಇನ್ನೂ ಒಂದು ಚಾಪೆ, ಒಂದು ಕುಕ್ಕರ್ ಬಂದಿಲ್ಲ. ಮೇಲೆ ವರ್ಷದ ಬಾಡಿಗೆಯ ಶೇ 5ರಷ್ಟು ವಸತಿ ಶುಲ್ಕ ಕರೆಂಟ್ ಬಿಲ್ಲಿನ ಜೊತೆ ತಿಂಗಳು ತಿಂಗಳು ಬರುತ್ತದೆ. ಈ ಮನೆಗೆ ಅದು ಸುಮಾರು 333 ದಿರ್ಹಮ್.

ಮಂಗಳೂರಿನಿಂದ ಹೋಗುವ ಅನುಭವಸ್ಥರಲ್ಲಿ ಗಂಡಸು ಮೊದಲು ಹೋಗಿ, ಹಲವರು ಹಂಚಿಕೊಳ್ಳುವ ಕೋಣೆಯ ಒಂದು ಹಾಸಿಗೆಯಲ್ಲಿ, ಅಂದರೆ ಬೆಡ್‌ಸ್ಪೇಸಿನಲ್ಲಿ ಕೆಲವು ತಿಂಗಳು ಕಳೆದು, ಈ ಮೊತ್ತ ಕೂಡಿಸಿಕೊಂಡ ಮೇಲೆಯೇ ಮನೆಯವರನ್ನು ಕರೆಸುವುದು ಸುಮ್ಮನೆ ಅಲ್ಲ. ನೋಡುವವರಿಗೆ ಜಿಪುಣತನ ಅನ್ನಿಸಬಹುದು. ಲೆಕ್ಕದ ದೃಷ್ಟಿಯಿಂದ ಅದೇ ಸರಿ.

ತಲೆಗೆ ಇಷ್ಟು ಎಂಬ ಶುಲ್ಕಗಳು

ಸೌದಿ ಅರೇಬಿಯಾ 2017ರ ಜುಲೈನಲ್ಲಿ ವಿದೇಶಿ ಉದ್ಯೋಗಿಗಳ ಅವಲಂಬಿತರ ಮೇಲೆ ತಲೆಗೆ ತಿಂಗಳಿಗೆ 100 ರಿಯಾಲ್ ಶುಲ್ಕ ಹಾಕಿತು. ವರ್ಷವರ್ಷವೂ ಏರಿ 2020ಕ್ಕೆ ಅದು 400 ಆಯಿತು. ಹೆಂಡತಿ ಮತ್ತು ಇಬ್ಬರು ಮಕ್ಕಳಿದ್ದರೆ ವರ್ಷಕ್ಕೆ 14,400 ರಿಯಾಲ್, ಅದೂ ಇಕಾಮಾ ಎಂಬ ವಾಸದ ಪರವಾನಗಿಯ ನವೀಕರಣದ ಹೊತ್ತಿಗೆ ಮುಂಗಡ. ಆ ವರ್ಷಗಳಲ್ಲಿ ಎಷ್ಟೋ ಮನೆಗಳ ಹೆಂಗಸರು, ಮಕ್ಕಳು ಊರಿಗೆ ಮರಳಿದರು, ದುಡಿಯುವವ ಮಾತ್ರ ಅಲ್ಲೇ ಉಳಿದ. ತೆರಿಗೆಯಿಲ್ಲದ ಸಂಬಳ ಎಂಬ ಮಾತನ್ನು ಇಡಿಯಾಗಿ ನಂಬಬಾರದು.

ಬ್ರಿಟನ್ ಆರೋಗ್ಯ ಸರ್‌ಚಾರ್ಜನ್ನು ವೀಸಾ ಅರ್ಜಿಯ ಜೊತೆಯಲ್ಲೇ, ವೀಸಾದ ಅಷ್ಟೂ ವರ್ಷಕ್ಕೆ ಸೇರಿಸಿ ವಸೂಲು ಮಾಡುತ್ತದೆ. 2024ರ ಫೆಬ್ರುವರಿಯಿಂದ ದೊಡ್ಡವರಿಗೆ ವರ್ಷಕ್ಕೆ 1,035 ಪೌಂಡ್, ಮಕ್ಕಳಿಗೆ 776. ಗಂಡ, ಹೆಂಡತಿ, ಇಬ್ಬರು ಮಕ್ಕಳಿಗೆ ಮೂರು ವರ್ಷದ ವೀಸಾ ಎಂದರೆ 10,866 ಪೌಂಡ್; ಪೌಂಡಿಗೆ 118 ರೂಪಾಯಿಯಂತೆ 12.8 ಲಕ್ಷ. ನರ್ಸುಗಳಂಥವರಿಗಿರುವ ಆರೋಗ್ಯ ಸೇವಾ ವೀಸಾದಲ್ಲಿ ಹೋಗುವವರಿಗೂ ಅವರ ಮನೆಯವರಿಗೂ ಇದು ಮಾಫಿ. ಉಳಿದವರು ಕೆಲಸ ಒಪ್ಪಿಕೊಳ್ಳುವ ಮೊದಲೇ ಕಂಪನಿ ಯಾರ ಯಾರ ಸರ್‌ಚಾರ್ಜು ಕಟ್ಟುತ್ತದೆಂದು ಬರಹದಲ್ಲಿ ಕೇಳಿಕೊಳ್ಳಬೇಕು. ಉದ್ಯೋಗಿಯದ್ದನ್ನಷ್ಟೇ ಕಟ್ಟಿ ಕೈ ತೊಳೆದುಕೊಳ್ಳುವ ಕಂಪನಿಗಳೂ ಇವೆ.

ಎರಡನೇ ಸಂಬಳ

ಇಲ್ಲಿ ಇಬ್ಬರೂ ದುಡಿಯುವ ಜೋಡಿ, ಅಲ್ಲೂ ಹಾಗೆಯೇ ಎಂದು ಲೆಕ್ಕ ಹಾಕುತ್ತದೆ. ಅಮೆರಿಕದ ಎಚ್-1ಬಿ ಉದ್ಯೋಗ ವೀಸಾದವರ ಅವಲಂಬಿತರಿಗೆ ಕೊಡುವ ಎಚ್-4 ವೀಸಾದಲ್ಲಿ ಹೋದ ಸಂಗಾತಿ ಬಂದ ಕೂಡಲೇ ಕೆಲಸಕ್ಕೆ ಸೇರುವಂತಿಲ್ಲ. 2015ರಲ್ಲಿ ಬಂದ ನಿಯಮ ಅನುಮತಿ ಕೊಡುತ್ತದೆ ನಿಜ. ಸಾಮಾನ್ಯವಾಗಿ ಎಚ್-1ಬಿ ಇರುವವರ ಗ್ರೀನ್ ಕಾರ್ಡಿನ ಐ-140 ಅರ್ಜಿ ಮಂಜೂರಾದ ಮೇಲೆ ಮಾತ್ರ. ವರ್ಷಗಟ್ಟಲೆ ಒಂದೇ ಸಂಬಳದಲ್ಲಿ ಮನೆ ನಡೆಯಬೇಕಾಗಬಹುದು. ಕೆನಡಾ, ಆಸ್ಟ್ರೇಲಿಯಾಗಳಲ್ಲಿ ಕಾಯಂ ನಿವಾಸಿಗಳಿಗೆ ಕೆಲಸ ಮಾಡಲು ತಡೆಯಿಲ್ಲ, ಆದರೆ ದಂತವೈದ್ಯೆ, ನರ್ಸು, ಫಾರ್ಮಸಿಸ್ಟ್ ಮುಂತಾದವರು ಅಲ್ಲಿನ ಪರೀಕ್ಷೆ, ನೋಂದಣಿ ಮುಗಿಸಬೇಕು. ಅದರ ಫೀಸೂ ಬಜೆಟ್ಟಿಗೇ ಬರಬೇಕು.

ಕೆಲಸ ಸಿಕ್ಕಿತೆಂದರೂ ಚಿಕ್ಕ ಮಗುವಿದ್ದರೆ ಡೇಕೇರಿಗೆ ಸಂಬಳದ ದೊಡ್ಡ ಪಾಲು ಹೋಗುತ್ತದೆ. ಅಜ್ಜಿ ಬಂದು ಆರು ತಿಂಗಳು ನೋಡಿಕೊಂಡರೆ ಆಯಿತು ಎನ್ನುವವರು ಅಜ್ಜಿಯ ಟಿಕೆಟ್ಟು, ವೀಸಾ ಫೀಸು, ಸಂದರ್ಶಕರ ಆರೋಗ್ಯ ವಿಮೆಯನ್ನೂ ಬರೆದುಕೊಳ್ಳಲಿ. ಒಂದೇ ಸಂಬಳದಲ್ಲಿ ಒಂದು ವರ್ಷ ದಾಟುತ್ತದೆಯೇ ಎಂದು ಮೊದಲು ನೋಡುವುದು, ಎರಡನೆಯದು ಬಂದರೆ ಅದನ್ನು ಉಳಿತಾಯವೆಂದುಕೊಳ್ಳುವುದು ಕ್ಷೇಮ.

ಹಣ ಸಾಗಿಸುವ ದಾರಿ

ವಿಜಯವಾಡದಲ್ಲಾಗಲಿ ಉಡುಪಿಯಲ್ಲಾಗಲಿ ಈ ದುಡ್ಡು ಬರುವುದು ಚೀಟಿ ಎತ್ತಿ, ಒಡವೆ ಅಡವಿಟ್ಟು, ಸೈಟು ಮಾರಿ. ಅದನ್ನು ಹೊರಗೆ ಕಳಿಸಲು ರಿಸರ್ವ್ ಬ್ಯಾಂಕಿನ ಉದಾರೀಕೃತ ಯೋಜನೆಯಲ್ಲಿ ಒಬ್ಬರಿಗೆ ವರ್ಷಕ್ಕೆ 2,50,000 ಅಮೆರಿಕನ್ ಡಾಲರ್ ಮಿತಿ. ತೆರಿಗೆಯ ವಿಷಯವೇ ಮುಖ್ಯ. 2025ರ ಏಪ್ರಿಲ್‌ನಿಂದ ಒಬ್ಬರು ವರ್ಷಕ್ಕೆ 10 ಲಕ್ಷ ರೂಪಾಯಿ ದಾಟಿಸಿದರೆ ಹೆಚ್ಚಿನ ಮೊತ್ತದ ಮೇಲೆ ಬ್ಯಾಂಕು ಟಿಸಿಎಸ್, ಅಂದರೆ ಮೂಲದಲ್ಲೇ ವಸೂಲು ಮಾಡುವ ತೆರಿಗೆ, ಹಿಡಿಯುತ್ತದೆ. ವಲಸೆಯಂಥ ಉದ್ದೇಶಕ್ಕೆ ಶೇ 20. ಒಬ್ಬರ ಹೆಸರಲ್ಲಿ 18 ಲಕ್ಷ ಕಳಿಸಿದರೆ 1.6 ಲಕ್ಷ ಹಿಡಿತ. ಗಂಡ ಹೆಂಡತಿ ತಮ್ಮ ತಮ್ಮ ಖಾತೆಯ ಹಣವನ್ನು 9 ಲಕ್ಷದಂತೆ ಕಳಿಸಿದರೆ ಸೊನ್ನೆ. ಹಿಡಿದದ್ದು ರಿಟರ್ನ್ಸ್ ಸಲ್ಲಿಸಿದ ಮೇಲೆ ವಾಪಸು ಬರುತ್ತದೆ, ಆದರೆ ಅಲ್ಲಿ ಬಾಡಿಗೆ ಕಟ್ಟಬೇಕಾದ ತಿಂಗಳಲ್ಲಿ ಅಲ್ಲ.

ನಗದಾಗಿ ಕೈಯಲ್ಲಿ ಒಯ್ಯಬಹುದಾದ ವಿದೇಶಿ ಕರೆನ್ಸಿ ಬಹುತೇಕ ದೇಶಗಳಿಗೆ 3,000 ಡಾಲರಿನವರೆಗೆ. ಉಳಿದದ್ದು ಫಾರೆಕ್ಸ್ ಕಾರ್ಡಿನಲ್ಲಿ.

ಊರಲ್ಲಿ ಉಳಿಯುವ ಖರ್ಚು

ಮನೆ ಸಾಲದ ಕಂತು, ಅಪ್ಪ ಅಮ್ಮನ ಔಷಧಿ ಮತ್ತು ಆರೋಗ್ಯ ವಿಮೆ, ಬೀಗ ಹಾಕಿದ ಮನೆಯ ಕಂದಾಯ, ಅಪಾರ್ಟ್‌ಮೆಂಟಿನ ಮೇಂಟೆನೆನ್ಸ್: ಇವೆಲ್ಲ ವಿದೇಶದ ಬಜೆಟ್ಟಿನ ಮೊದಲ ಸಾಲಿನಲ್ಲಿ ಬರಬೇಕು, ಕೊನೆಯಲ್ಲಿ ಉಳಿದದ್ದರಲ್ಲಿ ನೋಡೋಣ ಎಂದಲ್ಲ. ರಾತ್ರೋರಾತ್ರಿ ಊರಿಗೆ ಬರಬೇಕಾದರೆ ಬೇಕಾಗುವ ಟಿಕೆಟ್ಟಿನ ಹಣವನ್ನು ಮುಟ್ಟದೆ ಬೇರೆ ಇಡಬೇಕು. ಅನಿವಾಸಿಯಾದ ಮೇಲೆ ಸಾಧಾರಣ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಖಾತೆಯಾಗಿ ಬದಲಿಸುವುದು ಕಾನೂನಿನ ಕಟ್ಟಳೆ. ಅಮೆರಿಕಕ್ಕೆ ಹೋಗಿ ಅಲ್ಲಿನ ತೆರಿಗೆದಾರರಾದವರು ಊರಿನ ಖಾತೆಗಳ ಮೊತ್ತ ಒಟ್ಟು 10,000 ಡಾಲರ್ ಮೀರಿದರೆ ಅಲ್ಲಿಯ ಸರ್ಕಾರಕ್ಕೂ ವರದಿ ಮಾಡಬೇಕು. ಈ ಎಲ್ಲದಕ್ಕೂ ಒಟಿಪಿ ಬರುವುದು ಹಳೆಯ ಮೊಬೈಲ್ ನಂಬರಿಗೇ. ಹೊರಡುವ ಮುನ್ನ ಅದಕ್ಕೆ ರೋಮಿಂಗ್ ಹಾಕಿಸಿ, ರೀಚಾರ್ಜಿನ ದುಡ್ಡನ್ನೂ ಪಟ್ಟಿಗೆ ಸೇರಿಸಿಕೊಳ್ಳಬೇಕು.